ಸಂಗಮದೂರಲ್ಲಿ ಉಪ್ಪುನೀರಿನ ಮೀನು

ನಮ್ಮೂರಲ್ಲಿ ನೀರಿಗೇನೂ ಬಡತನ ಇಲ್ಲ. ತಿ. ನರಸೀಪುರ ಅಂದ್ರೆ ಕಾವೇರಿ, ಕಪಿಲೆ ಎರಡೂ ಬಂದು ಕೂಡೋ ಜಾಗ. ಕಣ್ಣಿಗೆ ಕಾಣದ ಸ್ಫಟಿಕ ಸರೋವರಾನೂ ಲೆಕ್ಕಕ್ಕೆ ಸೇರಿಸ್ಕೊಂಡು ತ್ರಿವೇಣಿ ಅಂತೀವಿ. 1989ರಿಂದ ಇಲ್ಲೇ ಕುಂಭಮೇಳಾನೂ ನಡೀತಿದೆ. ಕಾಶಿಗಿಂತ ನಮ್ಮೂರು ಒಂದು ಗುಲಗಂಜಿ ತೂಕ ಹೆಚ್ಚು ಅನ್ನೋ ಮಾತನ್ನ ಗುಂಜಾ ನರಸಿಂಹಸ್ವಾಮಿ ದೇವಸ್ಥಾನಕ್ಕೆ ಬಂದೋರು ಯಾರೂ ಕೇಳದೆ ವಾಪಸ್ ಹೋಗಲ್ಲ. ಇಂಥ ಊರಲ್ಲಿ ನಾನು ಭಾನುವಾರ ಬಂತೂಂದ್ರೆ ಅಡುಗೆಮನೆ ತಕ್ಕಡಿ ಮುಂದಿಟ್ಕೊಂಡು, ಒಳ್ಳೇ ಸಿಹಿನೀರಿಗೆ ಉಪ್ಪು ತೂಗಿ ತೂಗಿ ಹಾಕ್ತಾ ಕೂತಿರ್ತೀನಿ. ನೋಡಿದೋರಿಗೆ ತಲೆ ಕೆಟ್ಟಿದೆ ಅನ್ನಿಸಿದ್ರೆ ತಪ್ಪೇನಿಲ್ಲ.

ಉಪ್ಪು ಮೀನಿಗೆ. ಬೇಯಿಸೋ ಮೀನಿಗಲ್ಲ, ಈಜೋ ಮೀನಿಗೆ.

ನನ್ನ ತಮ್ಮ ಕಾಸರಗೋಡಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾನೆ. ಅವನ ಬಾಡಿಗೆ ಮನೆಯಿಂದ ಸ್ವಲ್ಪ ದೂರದಲ್ಲೇ ಚಂದ್ರಗಿರಿ ಹೊಳೆಯ ಹಿನ್ನೀರು. ಭರತ ಬಂದಾಗ ಸಮುದ್ರದ ನೀರು ಒಳಗೆ ನುಗ್ತದೆ, ಇಳಿತದಲ್ಲಿ ಹೊಳೆನೀರು ಹೊರಗೆ ಹೋಗ್ತದೆ. ಪೂರ್ತಿ ಉಪ್ಪೂ ಅಲ್ಲ, ಪೂರ್ತಿ ಸಪ್ಪೇನೂ ಅಲ್ಲ, ನಡುವಿನ ನೀರು. ಅಲ್ಲಿ ಹುಡುಗ್ರು ಸೊಳ್ಳೆಪರದೆ ಬಟ್ಟೇಲಿ ಮೀನು ಹಿಡೀತಿದ್ರಂತೆ. ನನ್ನ ಮಗ ಆಗ ಎರಡನೇ ಪಿಯುಸಿ, ರಜಕ್ಕೆ ಮಾವನ ಮನೆಗೆ ಹೋಗಿದ್ದೋನು, ಆರು ಮೀನು ಕೇಳಿ ಇಸ್ಕೊಂಡು ಬಂದ. ಒಂದೊಂದೂ ಹಳೇ ಎಂಟಾಣೆ ಬಿಲ್ಲೆಯಷ್ಟಿತ್ತು. ಆ ಕಡೆ ಮಲಯಾಳದಲ್ಲಿ ಇದಕ್ಕೆ ಪಳ್ಳತ್ತಿ ಅಂತಾರೆ. ಅಕ್ವೇರಿಯಂ ಅಂಗಡಿಯೋರು ಆರೆಂಜ್ ಕ್ರೋಮೈಡ್ ಅಂತಾರೆ. ನಮ್ಮ ಮನೇಲಿ ‘ಕಾಸರಗೋಡು’ ಅಂತಾರೆ. “ಕಾಸರಗೋಡ್ಗ ಊಟ ಆಯ್ತಾ?” ಅಂತ ನಮ್ಮತ್ತೆ ಕೇಳಿದ್ರೆ ಅದು ನನ್ನ ತಮ್ಮನ ವಿಷಯ ಅಲ್ಲ.

ಆ ಮೀನು ಬಂದ ದಾರಿ ಹೇಳ್ಬೇಕು. ಕಾಸರಗೋಡಿಂದ ಸುಳ್ಯ, ಸಂಪಾಜೆ ಘಾಟಿ ಹತ್ತಿ ಮಡಿಕೇರಿ, ಅಲ್ಲಿಂದ ಮೈಸೂರು, ಆಮೇಲೆ ನಮ್ಮೂರು. ಸುಳ್ಯದಲ್ಲಿ ಪಯಸ್ವಿನಿ ಅಂತ ಕರೆಸ್ಕೊಳ್ಳೋ ಹೊಳೇನೇ ಕೆಳಗೆ ಹೋಗಿ ಚಂದ್ರಗಿರಿ ಆಗೋದು. ಅದು ಹುಟ್ಟೋದು ಕೊಡಗಿನ ಬೆಟ್ಟದಲ್ಲಿ. ಕಾವೇರಿ ಹುಟ್ಟೋದೂ ಕೊಡಗಲ್ಲೇ. ಒಂದೇ ಬೆಟ್ಟಸಾಲಿನ ಮಳೆ, ಒಂದು ಪಾಲು ಪಡುವಲಿಗೆ ಇಳಿದು ಉಪ್ಪು ಸೇರ್ತದೆ, ಒಂದು ಪಾಲು ಮೂಡಲಿಗೆ ಹರಿದು ನಮ್ಮ ಮನೆ ನಲ್ಲೀಲಿ ಬರ್ತದೆ. ನನ್ನ ಮಗ ಬಸ್ಸಲ್ಲಿ ಆ ಪ್ಲಾಸ್ಟಿಕ್ ಚೀಲಾನ ತೊಡೆ ಮೇಲೆ ಇಟ್ಕೊಂಡು, ಬೆಟ್ಟ ಹತ್ತಿ ಇಳಿಸಿ, ಮೀನನ್ನ ಆ ಕಡೆಯಿಂದ ಈ ಕಡೆಗೆ ದಾಟಿಸಿದ. ಬೆಟ್ಟ ಇರೋದೇ ಅದನ್ನ ದಾಟದೇ ಇರೋ ಹಾಗೆ ತಡೆಯೋಕೆ ಅಂತ ನನಗೆ ಆಮೇಲೆ ಅನ್ನಿಸ್ತು. ಆ ಮಾತಿಗೆ ಮುಂದೆ ಬರ್ತೀನಿ.

ಮೊದಲನೇ ಜಗಳ ನೀರಿಂದೇ. ನಮ್ಮತ್ತೆ ಹೇಳಿದ್ರು, “ಉಪ್ಪ್ ನೀರೇ ಆಗ್ಬೇಕು ಅಂದ್ರ ನಮ್ ಬೋರ್ ನೀರ್ ಬುಡು. ಅದ್ಕಿಂತ ಉಪ್ಪು ಇನ್ನೆಲ್ಲದ?” ಹೇಳೋದ್ರಲ್ಲಿ ನ್ಯಾಯ ಇದೆ. ಬೋರ್‌ವೆಲ್ ನೀರಿಗೆ ನಾವೆಲ್ಲ ಉಪ್ಪುನೀರು ಅಂತಾನೇ ಅನ್ನೋದು. ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ಬಕೀಟಿನ ಅಂಚಿಗೆ ಬಿಳೀ ಪಟ್ಟೆ ಕಟ್ತದೆ. ಆದ್ರೆ ಆ ಉಪ್ಪೇ ಬೇರೆ, ಈ ಉಪ್ಪೇ ಬೇರೆ. ಬೋರ್ ನೀರಲ್ಲಿರೋದು ಬಹುಪಾಲು ಸುಣ್ಣದಂಶ, ಮೆಗ್ನೀಸಿಯಂ. ಸಮುದ್ರದ ನೀರಲ್ಲಿರೋದು ಬಹುಪಾಲು ನಾವು ತಿನ್ನೋ ಉಪ್ಪೇ, ಲೀಟರಿಗೆ ಸುಮಾರು 35 ಗ್ರಾಂ. ಈ ಮೀನಿಗೆ ಬೇಕಾದ್ದು ಎರಡೂ ವಸಿ ವಸಿ. ಹಾಗಾಗಿ ಕೊನೆಗೆ ಅತ್ತೆ ಮಾತೂ ಅರ್ಧ ಗೆದ್ದಿತು. ಅರ್ಧ ಬೋರ್ ನೀರು, ಅರ್ಧ ಕಾವೇರಿ ನೀರು, ಅದಕ್ಕೆ ಉಪ್ಪು. ಕಾವೇರಿ ನೀರನ್ನ ಹಾಗೇ ಹಾಕಂಗಿಲ್ಲ, ಕ್ಲೋರಿನ್ ಇರ್ತದೆ. ಬಾಯಗಲ ಇರೋ ಬಾನೀಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು, ಆಮೇಲೆ.

ನಮ್ಮ ಗಾಜಿನ ತೊಟ್ಟಿ ಎರಡೂವರೆ ಅಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರ. ಮರಳು, ಕಲ್ಲು ಹಾಕಿ, ಮೇಲೆ ವಸಿ ಜಾಗ ಬಿಟ್ರೆ ಸುಮಾರು 75 ಲೀಟರ್ ನೀರು ಹಿಡಿಸ್ತದೆ. ಲೀಟರಿಗೆ 8 ಗ್ರಾಂ ಅಂದ್ರೆ 600 ಗ್ರಾಂ ಉಪ್ಪು. ಸಮುದ್ರದ ಕಾಲುಭಾಗಕ್ಕಿಂತ ಕಮ್ಮಿ. ನಾಲಗೆಗೆ ಇಟ್ರೆ ಉಪ್ಪು ಮುಂದಾದ ಸಾರಿನ ರುಚಿ.

ಯಾವ ಉಪ್ಪು ಅನ್ನೋದು ಇನ್ನೊಂದು ಪುರಾಣ. ಪುಡಿ ಉಪ್ಪು ಬೇಡ, ಅದು ಗಂಟು ಕಟ್ಟಬಾರದು ಅಂತ ಏನೇನೋ ಸೇರಿಸಿರ್ತಾರೆ. ಕಲ್ಲುಪ್ಪು ಆಗಬಹುದು. ಗೋಕರ್ಣದ ಹತ್ರ ಸಾಣಿಕಟ್ಟೆ ಉಪ್ಪು ಅಂತ ಬರ್ತದಲ್ಲ, ಅಘನಾಶಿನಿ ಅಳಿವೇಲಿ ಗದ್ದೆ ಕಟ್ಟಿ ಮಾಡೋದು, ಅದನ್ನ ನನ್ನ ತಮ್ಮ ಎರಡು ಕೇಜಿ ತಂದುಕೊಟ್ಟಿದ್ದ. ‘ಸಮುದ್ರದ ನೀರೇ ಒಣಗಿ ಉಪ್ಪಾಗಿರೋದು, ವಾಪಸ್ ನೀರಿಗೆ ಹಾಕಿದ್ರೆ ಸಮುದ್ರ ಆಯ್ತಲ್ಲ’ ಅಂತ ಅವನ ಲೆಕ್ಕ. ಚೆಂದದ ಲೆಕ್ಕ, ಆದ್ರೆ ಕೂಡಲ್ಲ. ಉಪ್ಪಿನ ಗದ್ದೇಲಿ ನೀರು ಆರ್ತಾ ಬಂದಂಗೆ ಸುಣ್ಣದಂಶ ಮೊದಲೇ ತಳಕ್ಕೆ ಕೂತುಬಿಡ್ತದೆ. ಆಮೇಲೆ ಉಪ್ಪು ಹರಳಾಗ್ತದೆ. ಕೊನೇಲಿ ಮೆಗ್ನೀಸಿಯಂ ಎಲ್ಲ ಕಹಿ ನೀರಾಗಿ ಉಳೀತದೆ, ಅದನ್ನ ಚೆಲ್ತಾರೆ. ನಮ್ಮ ಕೈಗೆ ಬರೋದು ನಡುವಿನದ್ದು ಮಾತ್ರ. ಅಂಗಡೀಲಿ ಸಿಗೋ ಸಮುದ್ರದ ಮೀನಿನ ಉಪ್ಪಲ್ಲಿ ಇವೆಲ್ಲ ಅಳತೆಗೆ ಬೆರೆಸಿರ್ತಾರೆ, ಬೆಲೆ ಮಾತ್ರ ಕೇಳಂಗಿಲ್ಲ. ನಾನು ಎರಡು ಪಾಲು ಅದು, ಒಂದು ಪಾಲು ಕಲ್ಲುಪ್ಪು ಹಾಕ್ತೀನಿ. ತಳದಲ್ಲಿ ಕಾಸರಗೋಡಿನ ಚಿಪ್ಪು ಒಂದು ಬೊಗಸೆ ಹರಡಿದೀನಿ. ಅದು ನಿಧಾನಕ್ಕೆ ಕರಗಿ ಸುಣ್ಣ ಕೊಡ್ತದೆ.

ನಾನು ಮೊದಲ ದಿನ ಬಟ್ಟಲಲ್ಲಿ ಉಪ್ಪು ಕರಗಿಸ್ತಿದ್ದಾಗ ಅತ್ತೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದ್ರು. “ಮೀನ್ಗ ಉಪ್ಪಾಕ್ದೆ. ಹುಣ್ಸಣ್ಣು ಯಾವಾಗ ಬುಡ್ತಯ?”

ಅಳತೆ ನೋಡೋಕೆ ಒಂದು ಕಡ್ಡಿ ಇದೆ, ಹೈಡ್ರೋಮೀಟರ್. ಹಾಲಿನ ಡೈರೀಲಿ ಲ್ಯಾಕ್ಟೋಮೀಟರ್ ಬಿಡ್ತಾರಲ್ಲ, ಅದರ ಅಣ್ಣತಮ್ಮ. ನೀರು ಗಟ್ಟಿಯಾದಷ್ಟೂ ಕಡ್ಡಿ ಮೇಲೆ ತೇಲ್ತದೆ. ಬರೀ ನೀರು 1.000, ಸಮುದ್ರದ ನೀರು 1.025ರ ಸುತ್ತ, ಹಸುವಿನ ಹಾಲು 1.028ರಿಂದ ಮೇಲೆ. ನಮ್ಮ ತೊಟ್ಟಿ 1.005, 1.006ರಲ್ಲಿ ಇರ್ತದೆ. ಡೈರಿ ಕಡ್ಡಿ ಇಲ್ಲಿ ಉಪಯೋಗಕ್ಕೆ ಬರಲ್ಲ, ಅದರ ಗೆರೆ ಶುರುವಾಗೋ ಹೊತ್ತಿಗೆ ನಮ್ಮ ಗೆರೆ ಮುಗಿದಿರ್ತದೆ.

ಇದರಲ್ಲಿ ಎಲ್ಲರೂ ಎಡವೋ ಒಂದು ಜಾಗ ಇದೆ, ಅಡುಗೆ ಮಾಡೋರಿಗೆ ಮಾತ್ರ ಹೇಳದೇನೇ ಗೊತ್ತಾಗ್ತದೆ. ಬೇಸಿಗೇಲಿ ತೊಟ್ಟಿ ನೀರು ದಿನಾ ಒಂದು ಬೆರಳಗಲ ಕಮ್ಮಿ ಆಗ್ತದೆ. ಆಗ ಉಪ್ಪುನೀರು ತುಂಬಿಸಬಾರದು, ಬರೀ ನೀರು ಹಾಕ್ಬೇಕು. ಆರಿ ಹೋದದ್ದು ನೀರು ಮಾತ್ರ, ಉಪ್ಪು ಅಲ್ಲೇ ಇದೆ. ಬತ್ತಿದ ಸಾರಿಗೆ ಯಾರಾದ್ರೂ ಮತ್ತೆ ಉಪ್ಪು ಹಾಕ್ತಾರಾ? ಅದೇ ವಾರಕ್ಕೊಮ್ಮೆ ಹಳೇ ನೀರು 15 ಲೀಟರ್ ಹೊರಗೆ ಚೆಲ್ತೀನಲ್ಲ, ಆಗ ಅದರ ಜೊತೆ ಉಪ್ಪೂ ಹೋಯ್ತು, ಹೊಸ ನೀರಿಗೆ 120 ಗ್ರಾಂ ತೂಗಿ ಹಾಕ್ತೀನಿ. ನನ್ನ ಮಗನಿಗೆ ಇದನ್ನ ಕಾಲೇಜಲ್ಲಿ ಸೂತ್ರ ಬರೆದು ಹೇಳಿಕೊಟ್ಟಿದ್ರಂತೆ. ನಾನು ಸೌಟಲ್ಲಿ ಹೇಳಿದೆ.

ಉಪ್ಪು ಹೆಚ್ಚುಕಮ್ಮಿ ಆದ್ರೆ ಮೀನಿಗೇನು ಕಷ್ಟ ಅಂತ ಕೇಳಬಹುದು. ಮಾವಿನಕಾಯಿ ಹೋಳಿಗೆ ಉಪ್ಪು ಸವರಿಟ್ರೆ ಬೆಳಿಗ್ಗೆಗೆ ಜಾಡಿ ತುಂಬ ನೀರು ಬಿಟ್ಟಿರ್ತದೆ, ಹೋಳು ಸುಕ್ಕಾಗಿರ್ತದೆ. ಸಮುದ್ರದಲ್ಲಿರೋ ಮೀನಿನ ಮೈಯೂ ಹಾಗೇನೇ, ನೀರು ಹೊರಗೆ ಸೋರ್ತಾನೇ ಇರ್ತದೆ. ಅದಕ್ಕೆ ಅದು ಸಮುದ್ರದ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನ ಕಿವಿರಿಂದ ಆಚೆ ಹಾಕ್ತದೆ. ಹೊಳೆ ಮೀನಿನದು ಉಲ್ಟಾ. ನೆನೆಹಾಕಿದ ಕಡಲೆಯಂಗೆ ನೀರು ಒಳಗೆ ನುಗ್ತದೆ, ಅದು ಸಾಕಷ್ಟು ಉಚ್ಚೆ ಮಾಡಿ ಹೊರಗೆ ಕಳಿಸಿ, ಇರೋ ವಸಿ ಉಪ್ಪನ್ನ ಕಿವಿರಿಂದ ಹಿಡಿದಿಟ್ಕೋತದೆ. ಅಳಿವೆ ಮೀನು ಎರಡೂ ವಿದ್ಯೆ ಕಲಿತಿರ್ತದೆ. ಬೆಳಿಗ್ಗೆ ಒಂದು, ಸಾಯಂಕಾಲ ಒಂದು. ಆದ್ರೆ ಬದಲಾವಣೆಗೆ ಟೈಮ್ ಕೊಡಬೇಕು. ಅದಕ್ಕೇ ಬಂದ ದಿನ ಮೆಡಿಕಲ್ ಸ್ಟೋರಿಂದ ಹೊಸಾ ಗ್ಲೂಕೋಸ್ ಪೈಪು ತಂದು, ತೊಟ್ಟಿ ನೀರನ್ನ ತೊಟ್ಟು ತೊಟ್ಟಾಗಿ ಅವುಗಳ ಬಕೀಟಿಗೆ ಬಿಟ್ವಿ, ಮೂರು ಗಂಟೆ ಹೊತ್ತು. ಆರರಲ್ಲಿ ಆರೂ ಉಳಿದ್ವು.

ಮೀನಿಗಿಂತ ಮೊದಲು ತೊಟ್ಟಿ ಬದುಕಬೇಕು ಅನ್ನೋದೂ ಇದೆ. ಮೀನಿನ ಹೇಲು, ಉಳಿದ ತಿಂಡಿ ಕೊಳೆತು ಅಮೋನಿಯಾ ಆಗ್ತದೆ, ಅದು ವಿಷ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಅದನ್ನ ತಿಂದು ನೈಟ್ರೈಟ್ ಮಾಡ್ತವೆ, ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡ್ತವೆ. ಅವು ಬೆಳೆಯೋಕೆ ತಿಂಗಳು ಬೇಕು. ನಮ್ಮಂಥ ಗಡಸು ನೀರಲ್ಲಿ ಅಮೋನಿಯಾದ ವಿಷ ಇನ್ನೂ ಚುರುಕು, ಹಾಗಾಗಿ ಅವಸರ ನಡೆಯಲ್ಲ. ಮಗ ಮೈಸೂರಲ್ಲಿ ಸ್ನೇಹಿತನ ತೊಟ್ಟಿಯಿಂದ ಹಳೇ ಸ್ಪಂಜು ತಂದು ಹಾಕಿದ. ಹೆಪ್ಪು ಹಾಕಿದಂಗೆ, ಅಷ್ಟೇ. ಬೇರೆಯೋರ ಮನೆ ಹೆಪ್ಪಲ್ಲಿ ನಮ್ಮನೆ ಮೊಸರು.

ಇನ್ನು ಮೀನಿನ ವಿಷಯ. ಬೆಳೆದ್ರೂ ಮೂರು ಇಂಚು ದಾಟಲ್ಲ. ದುಂಡು ಚಪ್ಪಟೆ ಮೈ, ಅರಿಶಿನ ಬಣ್ಣ, ಪಕ್ಕೇಲಿ ಸಾಲಾಗಿ ಕುಂಕುಮದ ಚುಕ್ಕಿ, ಮಧ್ಯೆ ಒಂದು ಕಪ್ಪು ಬೊಟ್ಟು. ನೋಡಿದ ತಕ್ಷಣ ನಮ್ಮತ್ತೆ “ಮುತ್ತೈದೆ ಮೀನು” ಅಂದುಬಿಟ್ರು. 1795ರಲ್ಲೇ ಬ್ಲಾಕ್ ಅನ್ನೋ ಜರ್ಮನಿಯ ಡಾಕ್ಟರ್ ಒಬ್ಬರು ಇದಕ್ಕೆ ಶಾಸ್ತ್ರದ ಹೆಸರಿಟ್ಟಿದ್ದಾರೆ, ಚುಕ್ಕಿ ಇರೋದು ಅನ್ನೋ ಅರ್ಥದಲ್ಲಿ. ಕೇರಳದಲ್ಲಿ ಬಾಳೆಎಲೇಲಿ ಸುತ್ತಿ ಬೇಯಿಸೋ ಕರಿಮೀನ್ ಇದರ ದೊಡ್ಡಣ್ಣ. 2010ರಲ್ಲಿ ಅದನ್ನ ಆ ರಾಜ್ಯದ ಮೀನು ಅಂತಾನೇ ಸಾರಿದ್ರು. ಇನ್ನೊಬ್ಬ ಅಣ್ಣ ನಮ್ಮ ದಕ್ಷಿಣ ಕನ್ನಡದವನು, ನೇತ್ರಾವತಿ, ಕುಮಾರಧಾರಾ ಕಡೆ ಇರೋದು. ಹೆಸರಲ್ಲೇ ಕೆನರಾ ಇದೆ. ಸಿಕ್ಲಿಡ್ ಅನ್ನೋ ದೊಡ್ಡ ವಂಶದಲ್ಲಿ ನಮ್ಮ ದೇಶದ ಸ್ವಂತ ಮಕ್ಕಳು ಈ ಮೂರೇ ಮೂರು. ಇವುಗಳ ಹತ್ತಿರದ ನೆಂಟರು ಎಲ್ಲಿದಾರೆ ಅಂದ್ರೆ ಮಡಗಾಸ್ಕರಲ್ಲಿ. ಆ ದ್ವೀಪಾನೂ ನಮ್ಮ ಭೂಮೀನೂ ಸುಮಾರು ಎಂಟೊಂಬತ್ತು ಕೋಟಿ ವರ್ಷದ ಹಿಂದೆ ಅಂಟಿಕೊಂಡಿದ್ವು, ಬೇರೆಯಾದಾಗ ನೆಂಟಸ್ತನ ಎರಡು ಪಾಲಾಯ್ತು ಅಂತ ಕೆಲವು ವಿಜ್ಞಾನಿಗಳು ಹೇಳ್ತಾರೆ. ನಮ್ಮ ಕಡೆ ಭಾಗ ಆದ್ಮೇಲೆ ಅಣ್ಣತಮ್ಮಂದಿರು ಒಂದೇ ತಲೆಮಾರಲ್ಲಿ ಮುಖ ಮರೀತಾರೆ. ಇವು ಪರವಾಗಿಲ್ಲ.

ಮಗ ಇಂಜಿನಿಯರಿಂಗ್ ಅಂತ ಮಂಗಳೂರಿಗೆ ಹೋದ. ತೊಟ್ಟಿ ನನ್ನ ಪಾಲಿಗೆ ಬಂತು. ನಮ್ಮ ಯಜಮಾನರು “ಯಾರಿಗಾದ್ರೂ ಕೊಟ್ಟುಬಿಡು, ನಿಂಗ್ಯಾಕೆ ಈ ಕೆಲಸ” ಅಂದ್ರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಇದರ ಹಿಂದಿನ ಗುಟ್ಟು ಹೇಳ್ತೀನಿ ಕೇಳಿ. ಹದಿನೆಂಟು ವರ್ಷದ ಗಂಡುಮಗ ಹಾಸ್ಟೆಲ್‌ನಿಂದ ಫೋನ್ ಮಾಡಿದ್ರೆ ಏನು ಮಾತಾಡ್ತಾನೆ? ಊಟ ಆಯ್ತು, ಪರೀಕ್ಷೆ ಇದೆ, ಇಡ್ತೀನಿ. ಮೂರು ಮಾತು, ಮುಕ್ಕಾಲು ನಿಮಿಷ. ಆದ್ರೆ “ಅವ್ವ, ಕಾಸರಗೋಡು ಹೆಂಗಿದಾವೆ?” ಅಂತ ಶುರುವಾಯ್ತು ಅಂದ್ರೆ ಅರ್ಧ ಗಂಟೆ. ದೊಡ್ಡ ಗಂಡು ಬಾಲದ ಹತ್ರ ಬೆಳ್ಳಗಾಗಿದೆಯಾ, ಫಿಲ್ಟರ್ ಸದ್ದು ಮಾಡ್ತಿದೆಯಾ, ಬೇಯಿಸಿದ ಬಟಾಣಿ ತಿಂದ್ವಾ. ಆ ಅರ್ಧ ಗಂಟೇಲಿ ನಡುನಡುವೆ ಬೇರೆ ಮಾತೂ ಬೀಳ್ತವೆ. ರೂಮಿನ ಹುಡುಗನ ಜೊತೆ ಜಗಳ ಆದದ್ದು, ಗಣಿತದಲ್ಲಿ ಹಿಂದೆ ಬಿದ್ದಿರೋದು, ಮೊದಲ ತಿಂಗಳು ರಾತ್ರಿ ನಿದ್ದೆ ಬರ್ತಿರಲಿಲ್ಲ ಅನ್ನೋದು, ಎಲ್ಲ ನನಗೆ ಗೊತ್ತಾಗಿದ್ದು ಮೀನಿನ ನಡುವೆಯೇ. ತೊಟ್ಟಿ ಕೊಟ್ಟುಬಿಟ್ರೆ ನಾನು ಮತ್ತೆ ಮುಕ್ಕಾಲು ನಿಮಿಷಕ್ಕೆ ಬೀಳ್ತೀನಿ. 600 ಗ್ರಾಂ ಉಪ್ಪು ಅದಕ್ಕೆ ದುಬಾರಿ ಏನಲ್ಲ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಅವುಗಳಲ್ಲಿ ಎರಡು ಜೋಡಿಯಾದ್ವು. ಒಂದು ಚಪ್ಪಟೆ ಕಲ್ಲನ್ನ ಎರಡೂ ಸೇರಿ ಬಾಯಲ್ಲೇ ಉಜ್ಜಿ ಉಜ್ಜಿ ತೊಳೆದ್ವು. ನಾನು ಹಬ್ಬಕ್ಕೆ ಹೊಸಿಲು ತೊಳೆದಿದ್ದೂ ಅಷ್ಟು ನೀಟಾಗಿರಲಿಲ್ಲ. ಮಾರನೇ ದಿನ ಕಲ್ಲಿನ ತುಂಬ ಮೊಟ್ಟೆ, ಒಂದೊಂದೂ ಸಣ್ಣ ದಾರದ ತುದೀಲಿ ನೇತುಹಾಕಿದಂಗೆ. ಗಂಡು ಹೆಣ್ಣು ಸರದಿ ಮೇಲೆ ರೆಕ್ಕೆ ಬೀಸ್ತಾ ಗಾಳಿ ಹಾಕ್ತವೆ. ಹತ್ರ ಬಂದ ಮಿಕ್ಕ ನಾಲ್ಕನ್ನ ಮೂಲೆಗೆ ಅಟ್ಟಿಬಿಟ್ವು. ಆ ನಾಲ್ಕನ್ನ ನಾನು ಬೇರೆ ತೊಟ್ಟಿಗೆ ಹಾಕ್ಬೇಕಾಯ್ತು. ನಾಲ್ಕೈದು ದಿನಕ್ಕೆ ಮೊಟ್ಟೆ ಒಡೆದು, ಮರಿಗಳನ್ನ ಬಾಯಲ್ಲಿ ಎತ್ಕೊಂಡು ಮರಳಲ್ಲಿ ಗುಳಿ ಮಾಡಿ ಇಟ್ವು. ಒಂದು ವಾರ ಆದ್ಮೇಲೆ ಮರಿ ಈಜೋಕೆ ಶುರು ಮಾಡಿದ್ವು, ಮೋಡದಂಗೆ.

ಆ ಮರಿಗಳು ಅಪ್ಪ ಅವ್ವನ ಪಕ್ಕೆಗೆ ಬಂದು ಬಂದು ಮುತ್ತೋವು. ಕಚ್ಚುತ್ತಿದಾವೇನೋ ಅಂದ್ಕೊಂಡೆ. ಮಗ ಫೋನಲ್ಲಿ ಹೇಳಿದ, ದೊಡ್ಡ ಮೀನಿನ ಮೈ ಮೇಲಿನ ಲೋಳೇನೇ ಮರಿಗಳಿಗೆ ಆಹಾರ. ಅದೂ ತಾಯಿ ಒಂದೇ ಅಲ್ಲ, ಅಪ್ಪನೂ ಕೊಡ್ತಾನೆ. ಅಪಾಯ ಕಂಡ್ರೆ ಹೊಟ್ಟೆ ಕೆಳಗಿನ ಕರೀ ರೆಕ್ಕೇನ ಪಟಪಟ ಅಂತ ಮಿಟುಕಿಸ್ತವೆ, ಮರಿಗಳು ಕೂಡಲೇ ಹತ್ರ ಬಂದು ಸೇರ್ಕೋತವೆ. ನಮ್ಮತ್ತೆ ಮೀನು ಸಾರು ಮಾಡಿ ಅರವತ್ತು ವರ್ಷ ಆಗಿದೆ. ಸಸಲು, ಗೆಂಡೆ, ಕೊರವ, ಹಾವುಮೀನು, ಕೈಗೆ ಸಿಕ್ಕಿದ್ದನ್ನೆಲ್ಲ ಬೂದಿ ಹಾಕಿ ಕಲ್ಲಿಗೆ ಉಜ್ಜಿದವರು. ಅವರು ಆ ದಿನ ತೊಟ್ಟಿ ಮುಂದೆ ಸ್ಟೂಲ್ ಹಾಕ್ಕೊಂಡು ಬಹಳ ಹೊತ್ತು ಕೂತಿದ್ರು. ಏನೂ ಹೇಳಲಿಲ್ಲ. ಆ ಶುಕ್ರವಾರ ಮನೇಲಿ ಮೀನು ಬೇಡ ಅಂದ್ರು. ಮುಂದಿನ ವಾರ ತರಿಸಿದ್ರು ಬಿಡಿ.

ಮೇ ತಿಂಗಳ ಒಂದು ರಾತ್ರಿ ಗುಡುಗು ಗಾಳಿ ಮಳೆ. ಸಿಡಿಲು ಬಡಿದು ನಮ್ಮ ಬೀದಿ ಟ್ರಾನ್ಸ್‌ಫಾರ್ಮರ್ ಸುಟ್ಟೋಯ್ತು. ಎಂಟು ಗಂಟೆಗೆ ಹೋದ ಕರೆಂಟು ಬಂದದ್ದು ಮಾರನೇ ದಿನ ಹತ್ತೂವರೆಗೆ. ಬ್ಯಾಟರಿ ಗಾಳಿಪಂಪು ಎರಡು ಗಂಟೆಗೆ ಮುಗೀತು. ಆ ದಿನದ ಸೆಕೆ ಬೇರೆ. ಬಿಸಿ ನೀರಲ್ಲಿ ಗಾಳಿ ಕಮ್ಮಿ ನಿಲ್ತದೆ, ಅದರಲ್ಲಿ ನೂರಕ್ಕೆ ಹತ್ರ ಮರಿಗಳು. ಹನ್ನೊಂದು ಗಂಟೆಗೆ ಟಾರ್ಚ್ ಬಿಟ್ಟು ನೋಡಿದ್ರೆ ದೊಡ್ಡವು ಮೇಲಕ್ಕೆ ಬಂದು ಬಾಯಿ ಬಿಡ್ತಿದ್ವು. ನಾನು ಚೊಂಬಲ್ಲಿ ನೀರು ಮೊಗೆದು ಒಂದಡಿ ಮೇಲಿಂದ ಸಣ್ಣಗೆ ಸುರಿಯೋಕೆ ಶುರು ಮಾಡಿದೆ. ಬೀಳೋ ನೀರು ಗಾಳಿ ಎಳ್ಕೊಂಡು ಬೀಳ್ತದೆ. ಚೊಂಬಿನ ಬಾಯಿಗೆ ತೆಳು ಬಟ್ಟೆ ಕಟ್ಟಿದ್ದೆ, ಮರಿ ಒಳಗೆ ಬರದಂಗೆ. ಒಂದು ಗಂಟೆಗೆ ನನ್ನ ಭುಜ ಸೋತೋಯ್ತು. ಅತ್ತೆ ಎದ್ದು ಬಂದು, “ತತ್ತ ಇಲ್ಲಿ, ನೀ ವಸಿ ಮನೀಕ” ಅಂದು ಚೊಂಬು ಇಸ್ಕೊಂಡ್ರು. ಎಪ್ಪತ್ತೆಂಟು ವರ್ಷದ ಮುದುಕಿ, ಮೊಣಕಾಲು ನೋವು, ಗೋಡೆಗೆ ಒರಗಿ ನಿಂತು, ಒಂದು ಕೈಲಿ ಸುರಿಯೋದು, ಇನ್ನೊಂದು ಕೈಲಿ ಮಂಡಿ ನೀವಿಕೊಳ್ಳೋದು. ಸರದಿ ಮೇಲೆ ಬೆಳಗಾಗೋವರೆಗೂ ಸುರಿದ್ವಿ. ಯಜಮಾನರು ಆರು ಗಂಟೆಗೆ ಎದ್ದು ಕಾಫಿ ಮಾಡಿ ಕೊಟ್ರು, ಅವರ ಪಾಲು ಅದು.

ಬೆಳಿಗ್ಗೆ ಎಣಿಸಿದಾಗ ಮರಿ ಎಪ್ಪತ್ತರ ಹತ್ರ ಉಳಿದಿದ್ವು. ದೊಡ್ಡವೆರಡೂ ಇದ್ವು. ಪಕ್ಕದ ಸಣ್ಣ ತೊಟ್ಟೀಲಿದ್ದ ನಾಲ್ಕರಲ್ಲಿ ಎರಡು ಹೋಗಿದ್ವು. ಕೈ ಇದ್ದದ್ದೇ ನಾಲ್ಕು, ಮರಿ ಇರೋ ಕಡೆ ಸುರಿಯೋದು ಅಂತ ರಾತ್ರೀನೇ ತೀರ್ಮಾನ ಮಾಡಿದ್ವಿ. ಮಗನಿಗೆ ಫೋನಲ್ಲಿ ಹಾಗೇ ಹೇಳಿದೆ. ಅವನು ಸುಮ್ಮನಿದ್ದು, “ಅಜ್ಜಿ ಕಾಲು ಹೆಂಗಿದೆ?” ಅಂದ.

ತೊಂದರೆ ಬಂದದ್ದು ಇದಾದ್ಮೇಲೆ. ಎಪ್ಪತ್ತು ಮರಿ, ಒಂದು ತೊಟ್ಟಿ. ಎರಡು ತಿಂಗಳಲ್ಲಿ ಬೆರಳುಗುರಷ್ಟು ಬೆಳೆದ್ವು. ಅತ್ತೆ ಹೇಳಿದ್ರು, “ಹೊಳಗ ಬುಟ್ಬುಡು ಕನವ್ವ. ಅಷ್ಟ್ ಕಷ್ಟ ಬಿದ್ದು ಉಳ್ಸಿದ್ದೀವಿ, ಸಂಗಮದಲ್ಲಿ ಬುಟ್ರ ಪುಣ್ಯನಾರ ಬತ್ತದ. ಕೂಸ್ಗೂ ಒಳ್ಳೇದಾಯ್ತದ.” ಬರೀ ಮಾತಲ್ಲ ಅದು. ಮೊಮ್ಮಗ ಹಾಸ್ಟೆಲ್ಲಲ್ಲಿ ಜ್ವರ ಬಂದು ಮಲಗಿದ್ದಾಗ ಅವರು ಮನಸ್ಸಲ್ಲೇ ಹರಕೆ ಹೊತ್ತಿದ್ರು, ಆಮೇಲೆ ಗೊತ್ತಾಯ್ತು.

ನಾನು ಬೇಡ ಅಂದೆ. ಹರಕೆಗೆ ಅಡ್ಡ ನಿಲ್ಲೋ ಸೊಸೆ ಅಂದ್ರೆ ನಮ್ಮ ಕಡೆ ಹೇಗೆ ನೋಡ್ತಾರೆ ಅಂತ ನಿಮಗೆ ಗೊತ್ತು. ನಾಲ್ಕು ದಿನ ನಮ್ಮಿಬ್ಬರ ನಡುವೆ ಮಾತೇ ಕಮ್ಮಿ. ಆ ರಾತ್ರಿ ಚೊಂಬು ಹಿಡಿದ ಕೈಗೆ ಈ ಮಾತು ಹೇಳೋದು ನನಗೂ ಸುಲಭ ಆಗಿರಲಿಲ್ಲ.

ಆದ್ರೆ ಕಾರಣ ಇದೆ. ಈ ಮೀನು ಸಪ್ಪೆ ನೀರಲ್ಲಿ ಸಾಯೋ ಜಾತಿ ಆಗಿದ್ರೆ ಬಿಟ್ಟದ್ದು ಪಾಪ, ಅಷ್ಟೇ. ಇದು ಸಾಯಲ್ಲ. ಉಪ್ಪಲ್ಲಿ ಗಟ್ಟಿಯಾಗಿರ್ತದೆ ನಿಜ, ಸಪ್ಪೇಲೂ ಬದುಕ್ತದೆ. ಮರಿ ಮಾಡಿದ್ರೆ ಅಪ್ಪ ಅವ್ವ ಇಬ್ಬರೂ ಕಾವಲು. ಬೇರೆ ಮೀನಿನ ಮೊಟ್ಟೆಗೆ ಬಾಯಿ ಹಾಕೋದರಲ್ಲೂ ನಿಸ್ಸೀಮ. ತನ್ನ ದೊಡ್ಡಣ್ಣ ಕರಿಮೀನಿನ ಮೊಟ್ಟೆ, ಮರೀನೇ ಕದ್ದು ತಿನ್ನೋ ಸ್ವಭಾವ ಇದಕ್ಕಿದೆ. ಪಡುವಲ ಅಳಿವೇಲಿ ಅದಕ್ಕೂ ಒಂದು ಲೆಕ್ಕ ಇರ್ತದೆ, ಇದನ್ನ ತಿನ್ನೋರೂ ಇರ್ತಾರೆ. ಇಲ್ಲಿ ಯಾರಿದಾರೆ? ಕೊಡಗಿನ ಬೆಟ್ಟ ಇಷ್ಟು ಕೋಟಿ ವರ್ಷ ತಡೆದು ನಿಲ್ಲಿಸಿದ್ದನ್ನ ನಾವು ಒಂದು ಬಕೀಟಲ್ಲಿ ದಾಟಿಸಿಬಿಡೋದಾ?

ಇದು ಸುಮ್ಮನೆ ಹೆದರಿಕೆ ಅಲ್ಲ. ನಮ್ಮ ಹೊಳೇಲಿ ಈಗ ಬಲೆ ಹಾಕಿದ್ರೆ ಜಿಲೇಬಿ ಮೀನು ರಾಶಿ ಬೀಳ್ತದಲ್ಲ, ಅದು ಇಲ್ಲೀದಲ್ಲ, ಆಫ್ರಿಕಾದ್ದು. 1952ರಲ್ಲಿ ನಮ್ಮ ದೇಶಕ್ಕೆ ತಂದಿದ್ದು. ಇದೇ ಸಿಕ್ಲಿಡ್ ವಂಶವೇ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಬಾರದು ಅಂತ ಸರ್ಕಾರವೇ ನಿಷೇಧ ಮಾಡಿದೆ, ಆದ್ರೂ ಕೆರೆ ಕಟ್ಟೇಲಿ ಸಿಗ್ತದೆ. ಗಾಜು ನೆಕ್ಕೋ ಸಕ್ಕರ್ ಮೀನು ಅಂತ ಇದೆ, ತೊಟ್ಟೀಲಿ ದೊಡ್ಡದಾದ್ರೆ ಜನ ಹೊಳೆಗೆ ಬಿಟ್ಟು ಕೈ ತೊಳ್ಕೋತಾರೆ. ಎಲ್ಲದಕ್ಕಿಂತ ಹೊಟ್ಟೆ ಉರಿಯೋದು ಮಹಸೀರಿಂದು. ಕಾವೇರಿ ಪಾತ್ರದಲ್ಲಿ ಮಾತ್ರ ಇರೋ, ಬೆನ್ನು ಗೂನಾಗಿರೋ ದೊಡ್ಡ ಮಹಸೀರ್ ಒಂದಿದೆ, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಒಳ್ಳೇ ಉದ್ದೇಶದಿಂದಲೇ ಬೇರೆ ನದಿಯ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನ ತಂದು ತಂದು ಹೊಳೆಗೆ ಬಿಟ್ರು. ಅವು ಹೆಚ್ಚಿದ್ವು, ಇದು ಅಳಿವಿನಂಚಿಗೆ ಬಂತು. ಅದಕ್ಕೆ ಶಾಸ್ತ್ರದ ಹೆಸರು ಖಚಿತವಾಗಿದ್ದೇ 2018ರಲ್ಲಿ. ಹೆಸರು ಸಿಗೋ ಹೊತ್ತಿಗೆ ಹೋಗೋ ಸ್ಥಿತಿ.

ಇದನ್ನೆಲ್ಲ ನಾನು ಅತ್ತೆಗೆ ಹೀಗೆ ಭಾಷಣ ಮಾಡಲಿಲ್ಲ. ಒಂದೇ ಕೇಳಿದೆ. “ಅತ್ತೆ, ನಿಮ್ ಕಾಲದಲ್ಲಿ ಹೊಳೇಲಿ ಸಿಕ್ತಿದ್ದ ಸಸಲು ಈಗ ಸಿಕ್ತದಾ?” ಅವರು ಅವರೆಕಾಯಿ ಬಿಡಿಸ್ತಿದ್ರು. ವಸಿ ಹೊತ್ತು ಬಿಟ್ಟು, “ಎಲ್ಲಿ ಸಿಕ್ಕದು? ಈ ಜಿಲೇಬಿ ಮುಂಡೇದು ಬಂದ್ಮ್ಯಾಲ ಎಲ್ಲ ಹೋಯ್ತು” ಅಂದ್ರು. ಇನ್ನೊಂದಷ್ಟು ಕಾಯಿ ಬಿಡಿಸಿದ್ರು. “ಇದೂ ಅದರ ನೆಂಟನಾ?” ಹೌದು ಅಂದೆ. “ಕಾಂಗ್ರೆಸ್ ಗಿಡ ಬಂದಂಗ” ಅಂದ್ರು. ಗದ್ದೆ ಬದೂಲಿ ಆ ಪಾರ್ಥೇನಿಯಂ ಕಿತ್ತು ಕಿತ್ತು ಕೈ ತುರಿಸ್ಕೊಂಡೋರು ಅವರು, ನನಗಿಂತ ಚೆನ್ನಾಗಿ ಗೊತ್ತು.

ಹರಕೆ ಏನಾಯ್ತು ಅಂತೀರಾ? ಸಂಗಮದಲ್ಲಿ ಮೀನಿಗೆ ಪುರಿ ಹಾಕಿ ಬಂದ್ರು, ಎರಡು ಸೇರು. ಬಿಡೋ ಬದಲು ಉಣಿಸಿದ್ರೆ ಆಗಲ್ವಾ ಅಂತ ಅವರೇ ದೇವರ ಹತ್ರ ಮಾತಾಡ್ಕೊಂಡ್ರು. ಆ ವ್ಯವಹಾರದಲ್ಲಿ ನಾನು ತಲೆ ಹಾಕಲಿಲ್ಲ. ಅವರಿಗೆ ಪೂರ್ತಿ ಸಮಾಧಾನ ಆಗಿದೆ ಅಂತ ಈಗಲೂ ಹೇಳಲಾರೆ. ಹೊಳೆ ಕಡೆ ಹೋದಾಗೆಲ್ಲ ಒಂದು ಸಲ ನನ್ನ ಮುಖ ನೋಡ್ತಾರೆ.

ಮರಿಗಳನ್ನ ಚಂದ್ರಗಿರಿಗೇ ವಾಪಸ್ ಬಿಡೋಣ ಅಂತ ತಮ್ಮ ಹೇಳಿದ. ಅದೂ ಬೇಡ ಅಂದೆ. ತೊಟ್ಟೀಲಿ ಬೆಳೆದ ಮೀನು ಯಾವ ರೋಗ ಹೊತ್ತಿರ್ತದೋ, ಅಲ್ಲಿರೋ ಚೆನ್ನಾಗಿರೋವಕ್ಕೆ ಅಂಟಿಸೋದು ಬೇಡ. ಕೊನೆಗೆ ಮೈಸೂರಿನ ಒಬ್ಬ ಅಂಗಡಿಯವರು ನಲವತ್ತು ತಗೊಂಡ್ರು, ದುಡ್ಡಿನ ಬದಲು ಸಮುದ್ರದ ಉಪ್ಪು ಐದು ಕೇಜಿ ಕೊಟ್ರು. ಮಗನ ಸ್ನೇಹಿತರ ಮನೆಗಳಿಗೆ ಹನ್ನೆರಡು ಹೋದ್ವು, ಪ್ರತಿಯೊಬ್ಬರಿಗೂ ಉಪ್ಪಿನ ಲೆಕ್ಕ ಚೀಟೀಲಿ ಬರೆದು, ಬೇಡವಾದ್ರೆ ನನಗೇ ವಾಪಸ್ ಕೊಡಿ, ಹೊಳೆಗೆ ಕೆರೆಗೆ ಬಿಡಬೇಡಿ ಅಂತ ಕೆಳಗೆ ಗೆರೆ ಎಳೆದು ಕೊಟ್ಟೆ. ಒಬ್ಬ ಹುಡುಗ ನಿಜವಾಗ್ಲೂ ವಾಪಸ್ ತಂದುಕೊಟ್ಟ, ಪುಣ್ಯಾತ್ಮ.

ಈಗ ದೊಡ್ಡ ತೊಟ್ಟೀಲಿ ಆ ಜೋಡಿ, ಅವುಗಳ ಮಕ್ಕಳು ಒಂಬತ್ತು. ಹಳೇ ಎರಡು ಪಕ್ಕದಲ್ಲಿ. ಈ ಸಲ ಮೊಟ್ಟೆ ಇಟ್ಟಾಗ ನಾನು ಮಕ್ಕಳನ್ನ ಬೇರೆ ತೆಗೆಯಲಿಲ್ಲ. ಅಪ್ಪ ಅವ್ವ ಒಂದು ಕಡೆ ಅಟ್ಟಿಸ್ಕೊಂಡು ಹೋದಾಗ ಇನ್ನೊಂದು ಕಡೆಯಿಂದ ಬಂದು ಮೂರು ದಿನದಲ್ಲಿ ಕಲ್ಲು ಖಾಲಿ ಮಾಡಿದ್ವು. ನೋಡೋಕೆ ಕಷ್ಟ. ಆದ್ರೆ ಇನ್ನೊಂದು ಎಪ್ಪತ್ತು ಮರಿಗೆ ನನ್ನ ಹತ್ರ ಮನೆ ಇಲ್ಲ. ಮಗ ಫೋನಲ್ಲಿ ಕೇಳಿದಾಗ ಇದ್ದಂಗೇ ಹೇಳಿದೆ, “ನಿನ್ ಜಾಗದಲ್ಲಿ ನಾನಿದ್ರೂ ಅದೇ ಮಾಡ್ತಿದ್ದೆ ಅವ್ವ” ಅಂದ. ಆಮೇಲೆ, ದಸರಾ ರಜಕ್ಕೆ ಬರೋವಾಗ ಆ ರೂಮಿನ ಹುಡುಗನ್ನೂ ಕರ್ಕೊಂಡು ಬರಲಾ ಅಂತ ಕೇಳಿದ. ಜಗಳ ಆಡಿದ್ದನಲ್ಲ, ಅವನೇ. ಕಾಸ್ರಗೋಡಿನೋನಂತೆ, ಚಂದ್ರಗಿರಿ ಪಕ್ಕದ ಮನೆ, ಪಳ್ಳತ್ತೀನ ಅವರು ಹುರಿದು ತಿಂತಾರಂತೆ. ಅತ್ತೆಗೆ ಇನ್ನೂ ಹೇಳಿಲ್ಲ.